ಬರಿದಾಗದ ಮಗ್ಗ

ತಿಂಗಳೊಪ್ಪತ್ತು ಲಕ್ಷ್ಮೇಶ್ವರದ ತಂಗಿಯ ಮನೆಯಲ್ಲಿದ್ದು ನಿನ್ನೆ ಸಂಜೆ ಬೆಟಗೇರಿಗೆ ಬಂದೆ. ಬೆಳಗ್ಗೆ ಕಾಫಿ ಕಪ್ ಹಿಡಿದು ಬಾಗಿಲಿಗೆ ನಿಂತರೆ ಗಂಜಿಯ ವಾಸನೆ. ಅನ್ನದ್ದಲ್ಲ, ನೇಕಾರರು ನೂಲಿಗೆ ಹಾಕುವ ಹುಳಿ ಸ್ಟಾರ್ಚ್. ನಮ್ಮ ಓಣಿಯಲ್ಲಿ ಈಗ ಮಗ್ಗವೇ ಇಲ್ಲ. ಮುದಿ ಮೂಗು, ಸುಳ್ಳು ಹೇಳುತ್ತಿದೆ ಎಂದುಕೊಂಡೆ.

ನಿಮಗೆ ಪಕ್ಕದ ಮನೆಯ ಗಂಗವ್ವ ಗೊತ್ತಿಲ್ಲ. ಮೂರು ಮಗ್ಗದ ಯಜಮಾನಿ. ಒಂದು ಮಧ್ಯಾಹ್ನ ನನ್ನ ಕೈಯನ್ನು ತನ್ನ ಎದೆಯ ಮೇಲೆ ಇಟ್ಟುಕೊಂಡಳು. ಹುಣಸೆಬೀಜದಷ್ಟು ಗಟ್ಟಿ ಗಂಟು.

"ಇಂಗ್ಲಿಷ್ ಸಾಲಿ ಕಲ್ತಾಕಿ ನೀ. ಏನಂತಾರ ಇದಕ್ಕ?"

ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಫೋರ್ಕ್ ಹಿಡಿಯಲು ಕಲಿಸಿದ್ದರು. ಎದೆ ಎಂಬುದೊಂದಿದೆ ಎಂದು ಹೇಳಿರಲಿಲ್ಲ.

ಗದಗಿನ ಡಾಕ್ಟರು ಅರ್ಲಿ ಸ್ಟೇಜ್ ಎಂದರು. ಸಣ್ಣ ಆಪರೇಶನ್; ಕೈಯಿಂದ ಹೋಗುವುದು ನಾಲ್ಕಾರು ಸೀರೆಯ ಕೂಲಿ. "ಈ ಹಾಸು ಮುಗೀಲಿ, ಹೋಗೂಣು" ಎಂದಳು. ಹಾಸೆಂದರೆ ಮಗ್ಗದ ಉದ್ದಕ್ಕೆ ಬಿಗಿದ ನೂಲು. ಮುಗಿಯುತ್ತದೆಂದು ನಾನೂ ನಂಬಿದೆ. ಆದರೆ ನೇಕಾರರು ಮಗ್ಗ ಬರಿದಾಗಲು ಬಿಡುವುದಿಲ್ಲ, ಬರಿದಾದರೆ ಮನೆಗೆ ಕೇಡಂತೆ. ಹಳೆಯ ಹಾಸಿನ ತುದಿಗೆ ಹೊಸದನ್ನು ಎಳೆ ಎಳೆಯಾಗಿ ಕೂಡಿಸುತ್ತಾರೆ. ಗಂಗವ್ವನ ಹಾಸು ಮುಗಿಯಲೇ ಇಲ್ಲ.

ಆಮೇಲೆ ಹುಬ್ಬಳ್ಳಿ, ಕೀಮೋ. ಸರ್ಕಾರದ ಕಾರ್ಡಿನಲ್ಲಿ ಆದದ್ದು ಆಯಿತು. ಬಸ್ಸು, ಲಾಡ್ಜು, ಹೊರಗಿನ ಟೆಸ್ಟು, ನಿಂತ ಕೂಲಿ ಸೇರಿ ಒಂದು ಮಗ್ಗ ನುಂಗಿದವು. ಎಲುಬಿಗೆ ಹರಡಿದ ಮೇಲೆ ಉಳಿದೆರಡನ್ನೂ. ಕಡೆಗೆ ನೋವಿನ ಗುಳಿಗೆಯಷ್ಟೇ. ಅದು ಬಹಳ ಅಗ್ಗ. ಆ ಅಗ್ಗವೇ ನನ್ನನ್ನು ಹೆದರಿಸಿತು.

ಮಗ್ಗ ಹೋದರೂ, ಗಂಗವ್ವನೇ ಹೋದರೂ, ಮಗ್ಗದ ಸದ್ದು ಹೋಗಲಿಲ್ಲ. ಅವಳ ಗಂಡ ಈರಣ್ಣ ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದ. "ಟೀಚರ್ರ, ನಿಮಗೂ ಕೇಳಸ್ತೈತೇನ್ರಿ?"

"ಇಲ್ಲಪಾ" ಎನ್ನುತ್ತಿದ್ದೆ. ಕೇಳಿಸುತ್ತಿತ್ತು. ಅವನೂ ತೀರಿ, ಮನೆಗೆ ಬೀಗ ಬಿದ್ದ ಮೇಲೂ.

ಇವತ್ತು ಹೋಗಿ ನೋಡಿದರೆ ಬೀಗ ತೆಗೆದಿತ್ತು. ಒಳಗೆ ಮಗ್ಗ, ಅದರ ಮುಂದೆ ಗಂಗವ್ವನದೇ ಬೆನ್ನು.

"ಬರ್ರಿ ಟೀಚರ್ರ" ಎಂದಳು, ತಿರುಗದೆ. ಗಂಗವ್ವನಲ್ಲ, ಮುಳಗುಂದಕ್ಕೆ ಕೊಟ್ಟಿದ್ದ ಮಗಳು ರೇಣುಕಾ; ನಾನಿಲ್ಲದಾಗ ಹಳೆಯ ಮಗ್ಗವೊಂದನ್ನು ತಂದು ಹೂಡಿದ್ದಳು. "ಅವ್ವನ ಹಾಸಿನ ತುದಿ ಕಾದಿಟ್ಟಿದ್ದೆ. ಅದಕ್ಕ ಕೂಡಸಾಕತ್ತೀನ್ರಿ."

ಬೆರಳು ನಿಲ್ಲಲಿಲ್ಲ. "ಎದಿಯಾಗ ಒಂದು ಸಣ್ಣ ಗಂಟೈತ್ರಿ."

"ತೋರಿಸಿದಿ?"

"ಈ ಹಾಸು ಮುಗೀಲ್ರಿ."

ಧ್ವನಿ ಅವಳದಾಗಿರಲಿಲ್ಲ, ಅವ್ವನದು.

ಕತ್ತರಿ ಕಿಟಕಿಯಲ್ಲಿತ್ತು. ಜೀವಮಾನದಲ್ಲಿ ಒಂದು ಗುಂಡಿ ನೆಟ್ಟಗೆ ಹೊಲಿಯದ ನಾನು ಅಷ್ಟೂ ನೂಲನ್ನು ಅಡ್ಡ ಕತ್ತರಿಸಿದೆ.

"ಬರಿದಾತಲ್ರಿ ಮಗ್ಗ" ಎಂದಳು ರೇಣುಕಾ, ಬಹಳ ಮೆಲ್ಲಗೆ.

"ಆಗ್ಲಿ. ಈಗ ಒಂದು ಹಾಸು ಹೋಗ್ತೈತಿ ಅಷ್ಟ. ಚಪ್ಪಲಿ ಹಾಕ್ಕೊ."

ಗದಗಿನ ದಾರಿಯುದ್ದಕ್ಕೂ ಆಟೋದಲ್ಲಿ ಅವಳ ಪಾದಗಳು, ಮಗ್ಗದ ಕಾಲುಮಣೆ ತುಳಿದ ಹಾಗೆ, ಒಂದಾದ ಮೇಲೊಂದು ನೆಲ ತುಳಿಯುತ್ತಿದ್ದವು.

"ಕಾಲು ಸುಮ್ನ ಇಡವಾ."

"ನಾ ಎಲ್ಲಿ ಅಲ್ಲಾಡಸಾಕತ್ತೀನ್ರಿ?"

ಅವಳ ಮೊಣಕಾಲುಗಳ ಮೇಲೆ ಎರಡೂ ಕೈಯೂರಿ ಒತ್ತಿ ಹಿಡಿದೆ. ಕೆಳಗಿನಿಂದ ಏನೋ ಎತ್ತಿ ಎತ್ತಿ ತಳ್ಳುತ್ತಿತ್ತು. ಆಸ್ಪತ್ರೆಯ ಬೆಂಚಿನಲ್ಲೂ, ಡಾಕ್ಟರು ಅವಳ ಹೆಸರು ಕರೆಯುವವರೆಗೂ ನಾನು ಬಿಡಲಿಲ್ಲ.