ಕೊನೆಯ ಸೀಟಿನ ಪರೀಕ್ಷೆ

ತಾನು ಬರೆಯದ ಸಾಲೊಂದರಲ್ಲಿ ತನ್ನ ಹೆಸರು ಇರುವುದನ್ನು ಶಾಂಭವಿ ಕಂಡದ್ದು ಮಂಗಳವಾರ ಬೆಳಿಗ್ಗೆ, ಅಂಗಡಿಯ ಶಟರ್ ಎತ್ತಿ, ಕಸ ಗುಡಿಸಿ, ಮೇಲ್ ತೆರೆದಾಗ. ‘ಪರಿಶೀಲಿಸಿ ಒಪ್ಪಿದವರು’ ಎಂಬುದರ ಮುಂದೆ ಅವಳ ಹೆಸರಿತ್ತು. ಅವಳು ಒಪ್ಪಿರಲಿಲ್ಲ.

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಎಂಟು ವರ್ಷಗಳಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿರುವ ಶಾಂಭವಿಗೆ ಸಂಬಳವಿಲ್ಲದ ಇನ್ನೊಂದು ಕೆಲಸವಿದೆ. ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಯಂತ್ರದ ಒಂದೊಂದು ಬಿಡಿಭಾಗವನ್ನೂ ನಡೆಸಲು ಅದರೊಳಗೆ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಂ ಇರುತ್ತದೆ. ಅದಕ್ಕೆ ಯಾರಾದರೂ ತಿದ್ದುಪಡಿ ಕಳಿಸಿದರೆ ಉಳಿದವರು ಎಲ್ಲರಿಗೂ ಕಾಣುವಂತೆ ಮೇಲ್‌ನಲ್ಲೇ ಚರ್ಚಿಸುತ್ತಾರೆ. ಓದಿ ಒಪ್ಪಿದವರು ಕೆಳಗೆ ಹೆಸರು ಹಾಕುತ್ತಾರೆ. ಆ ಹೆಸರನ್ನು ಅವರೇ ಕೊಡಬೇಕು, ಇನ್ನೊಬ್ಬರು ತೆಗೆದುಕೊಳ್ಳುವಂತಿಲ್ಲ.

ಮಂಗಳವಾರದ ಆ ಮೇಲ್‌ನಲ್ಲಿದ್ದದ್ದು ಲ್ಯಾಪ್‌ಟಾಪಿನ ಒಂದು ಬಿಡಿಭಾಗದ ಡ್ರೈವರ್‌ಗೆ ಬರೆದ ತಿದ್ದುಪಡಿ. ಅದೇ ಡ್ರೈವರ್‌ನ ಹಿಂದಿನ ತಿದ್ದುಪಡಿಗೆ ಮಾರ್ಚ್‌ನಲ್ಲಿ ಅವಳು ಹೆಸರು ಹಾಕಿದ್ದಳು. ಅಂಗಡಿಯ ಮೇಜಿನ ಮೇಲೆ ಲ್ಯಾಪ್‌ಟಾಪನ್ನು ಹತ್ತು ಸಲ ಮುಚ್ಚಿ ತೆರೆದು ನೋಡಿದ್ದಳು. ಹತ್ತೂ ಸಲ ಅದು ಸುಖವಾಗಿ ನಿದ್ದೆ ಹೋಗಿತ್ತು. ಆಮೇಲೊಂದು ದಿನ, ಹೊಲ ಅಳೆಯುವ ಲೈಸೆನ್ಸ್ ಸರ್ವೇಯರ್ ಧರ್ಮೇಶ್ ಅದೇ ಮಾದರಿಯ ಲ್ಯಾಪ್‌ಟಾಪ್ ತಂದು ಕೌಂಟರ್ ಮೇಲಿಟ್ಟ.

“ಶಾಂಭವಕ್ಕ, ಇದು ಕಂಪ್ಯೂಟ್ರಾ, ಇಸ್ತ್ರಿ ಪೆಟ್ಟಿಗೆನಾ? ಶಿವನಿ ಊರು ಸೇರೋ ಹೊತ್ಗೆ ಬೆನ್ನು ಸುಟ್ಟೋಯ್ತು. ಚಾರ್ಜೂ ಖಾಲಿ.”

“ಮುಚ್ಚಿ ಬ್ಯಾಗಿಗೆ ಹಾಕಿದ್ಯೇನೋ?”

“ಮುಚ್ದೆ ಇನ್ನೇನು, ಬೈಕ್ ಮೇಲೆ ಸಿನಿಮಾ ನೋಡ್ಕಂಡು ಹೋಗ್ತಾರೇನಕ್ಕಾ?”

ಲ್ಯಾಪ್‌ಟಾಪ್ ಯಾವ ಕಡೆ ವಾಲಿದೆ ಎಂದು ಹೇಳುವ ಸೆನ್ಸರ್ ಒಂದು ಅದರೊಳಗಿದೆ. ಮೇಜು ಅಲುಗುವುದಿಲ್ಲ, ಶಿವನಿ ರಸ್ತೆ ಅಲುಗಿಸದೆ ಬಿಡುವುದಿಲ್ಲ. ಕುಲುಕಿದಾಗಲೆಲ್ಲ ಸೆನ್ಸರ್ ಸಂಕೇತ ಕಳಿಸುತ್ತದೆ. ಡ್ರೈವರ್ ಅದನ್ನು ನೋಡಿಕೊಳ್ಳುವುದರಲ್ಲಿ ಮುಳುಗಿ, ನಿದ್ದೆ ಹೋಗು ಎಂದರೆ ‘ಈಗ ಆಗದು’ ಎನ್ನುತ್ತದೆ. ಅದೊಂದು ಆಗದು ಎಂದರೆ ಸಾಕು, ಇಡೀ ಲ್ಯಾಪ್‌ಟಾಪ್ ನಿದ್ದೆಯ ಆಸೆ ಬಿಟ್ಟು ಬ್ಯಾಗಿನೊಳಗೆ ಎಚ್ಚರವಾಗಿಯೇ ಕುದಿಯುತ್ತದೆ.

ಶಾಂಭವಿ ಅಂದಿನಿಂದ ಪರೀಕ್ಷೆಯ ಜಾಗ ಬದಲಿಸಿದಳು. ತರೀಕೆರೆ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಹೋಗುವಾಗ ಹದಿನೈದು, ಬರುವಾಗ ಹದಿನೈದು ಸಲ ಮುಚ್ಚಿ ತೆರೆದಳು. ಮೂವತ್ತರಲ್ಲಿ ಇಪ್ಪತ್ತಾರು ಸಲ ನಿದ್ದೆಯೇ ಇಲ್ಲ. ಲೆಕ್ಕವನ್ನು ಹಾಗೆಯೇ ಬರೆದು, ‘ಮಾರ್ಚ್‌ನಲ್ಲಿ ಮೇಜಿನ ಮೇಲಷ್ಟೇ ನೋಡಿದ್ದೆ, ತಪ್ಪು ನನ್ನದೂ ಹೌದು’ ಎಂದು ಸೇರಿಸಿ ಕಳಿಸಿದಳು.

ಅದಕ್ಕೆ ತಿದ್ದುಪಡಿ ಬರೆದವನು ಸೆನ್ಸರ್ ಕಂಪನಿಯ ಎಂಜಿನಿಯರ್ ವಿಶ್ವನಾಥ್, ಬೀರೂರಿನವನು. ಅವನ ಮದ್ದು ಸರಳವಾಗಿತ್ತು: ಡ್ರೈವರ್ ‘ಆಗದು’ ಎಂದರೂ ‘ಆಯಿತು’ ಎಂದು ವರದಿ ಮಾಡುವುದು. ಸೆನ್ಸರ್ ಎಚ್ಚರವಾಗಿಯೇ ಉಳಿದು ಲ್ಯಾಪ್‌ಟಾಪನ್ನು ಮತ್ತೆ ಎಬ್ಬಿಸುವುದಿಲ್ಲವೇ ಎಂದು ಶಾಂಭವಿ ಕೇಳಿದ್ದಳು. ಉತ್ತರ ಬರಲಿಲ್ಲ. ಈಗ ಅದೇ ತಿದ್ದುಪಡಿ ಅವಳ ಹೆಸರು ಹೊತ್ತು ಬಂದಿತ್ತು.

ಅವಳು ಫೋನ್ ಮಾಡಿದಳು.

“ಪ್ರಶ್ನೆ ಕೇಳಿದ್ರಿ ಅಂದ್ರೆ ಓದಿದೀರಿ ಅಂತ ತಾನೆ ಮೇಡಂ? ಅದಕ್ಕೇ ಹಾಕ್ದೆ,” ಎಂದ ವಿಶ್ವನಾಥ್. “ನಾಳೆ ಸಂಜೆ ಒಳಗೆ ಕರ್ನಲ್‌ಗೆ ಸೇರ್ದಿದ್ರೆ ಎರಡು ತಿಂಗ್ಳು ಮುಂದಕ್ಕೋಗುತ್ತೆ.”

“ಓದಿದ್ದಕ್ಕೇ ಒಪ್ಪಲಿಲ್ಲ ಕಣ್ರೀ.”

“ನಮ್ಮ ಲ್ಯಾಬಲ್ಲಿ ನೂರು ಸಲ ಪಾಸಾಗೈತೆ. ಅಜ್ಜಂಪುರದಲ್ಲಿ ನಿಮ್ಹತ್ರ ಯಾವ ಲ್ಯಾಬೈತೆ?”

“ತರೀಕೆರೆ ಬಸ್ಸೈತೆ.”

ಅವನು ನಕ್ಕ. ಆಮೇಲೆ ದನಿ ತಗ್ಗಿಸಿದ. “ನೋಡಿ, ಮಾರ್ಚಲ್ಲಿ ಹಾಕಿ ತಪ್ಪಾಯ್ತು ಅಂದ್ರಿ. ಈಗ ಹಾಕಿಲ್ಲ ಅಂತೀರಿ. ಇನ್ಮೇಲೆ ನಿಮ್ಮ ಹೆಸ್ರಿಗೆ ಯಾರು ಬೆಲೆ ಕೊಡ್ತಾರೆ?”

“ಕೊಡ್ದಿದ್ರೆ ಬಿಡ್ಲಿ. ನೀವು ಹಾಕಿ ಉಳಿಸೋ ಹೆಸ್ರು ನಂಗೆ ಬೇಡ.”

ಆದರೂ ಅವನ ಮಾತು ನಾಟಿತ್ತು. ಹೆಸರಿಗೆ ಬೆಲೆ ಹೋದರೆ ಅಜ್ಜಂಪುರದ ರಿಪೇರಿಯವಳ ಮೇಲ್‌ಗಳನ್ನು ಯಾರೂ ತೆರೆದು ಓದುವುದಿಲ್ಲ. ಅದು ಅವಳಿಗೆ ಗೊತ್ತು. ಶಟರ್ ಎಳೆದು, ಅವನ ತಿದ್ದುಪಡಿ ಹಾಕಿದ ಲ್ಯಾಪ್‌ಟಾಪ್ ಎತ್ತಿಕೊಂಡು ಹನ್ನೊಂದೂವರೆಯ ತರೀಕೆರೆ ಬಸ್ ಹತ್ತಿ ಕೊನೆಯ ಸೀಟಿನಲ್ಲಿ ಕೂತಳು.

“ಮುಂದೆ ಸೀಟು ಖಾಲಿ ಐತೆ ಬನ್ನಿ ಅಕ್ಕಾ, ಅಲ್ಲಿ ಸೊಂಟ ಮುರ್ಯುತ್ತೆ,” ಎಂದ ಕಂಡಕ್ಟರ್.

“ಮುರೀಲಿ, ಅದಕ್ಕೇ ಬಂದಿರೋದು.”

ಲ್ಯಾಪ್‌ಟಾಪ್ ಪ್ರತಿ ಸಲವೂ ನಿದ್ದೆ ಹೋಯಿತು, ಪ್ರತಿ ಸಲವೂ ರಸ್ತೆಯ ಮುಂದಿನ ಗುಂಡಿಗೆ ಎದ್ದು ಕೂತಿತು. ತರೀಕೆರೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಅವಳು ಮೇಲ್ ಬರೆದಳು: ‘ಈ ಸಾಲನ್ನು ನಾನು ಕೊಟ್ಟಿಲ್ಲ, ತೆಗೆಯಿರಿ. ಇದು ದೋಷವನ್ನು ಸರಿಪಡಿಸುವುದಿಲ್ಲ, ಮುಚ್ಚಿಡುತ್ತದೆ. ಮೊದಲು ಸಂಕೇತದ ದಾರಿ ಮುಚ್ಚಿ, ಒಳಗಿರುವ ಕೆಲಸ ಮುಗಿಯುವವರೆಗೆ ಕಾದು, ಆಮೇಲೆ ಸೆನ್ಸರನ್ನು ಮಲಗಿಸಬೇಕು.’ ಕೆಳಗೆ ಹದಿನೈದು ಪರೀಕ್ಷೆಗಳ ದಾಖಲೆ.

ಕರ್ನಲ್‌ನ ಆ ವಿಭಾಗಕ್ಕೆ ಯಾವ ತಿದ್ದುಪಡಿ ಸೇರಬೇಕೆಂದು ತೀರ್ಮಾನಿಸುವ ಉಸ್ತುವಾರಿ ಎಲ್ಲೋ ದೂರದೇಶದಲ್ಲಿರುವವರು. ಸಂಜೆಗೆ ಅವರ ಉತ್ತರ ಎರಡೇ ಸಾಲು: ತಿದ್ದುಪಡಿ ಕೈಬಿಡಲಾಗಿದೆ, ಕೊಡದ ಹೆಸರನ್ನು ಯಾರೂ ಹಾಕಬಾರದು. ಶಾಂಭವಿಗೆ ಶಹಭಾಸ್ ಎಂದು ಯಾರೂ ಬರೆಯಲಿಲ್ಲ.

ಹದಿನೆಂಟು ದಿನಗಳ ನಂತರ ವಿಶ್ವನಾಥನ ಹೊಸ ತಿದ್ದುಪಡಿ ಬಂತು. ಅವಳು ಹೇಳಿದ ಕ್ರಮವೇ ಅದರಲ್ಲಿತ್ತು. ಒಪ್ಪಿದವರ ಜಾಗ ಖಾಲಿಯಿತ್ತು. ಅವಳು ಅದನ್ನು ಎರಡು ಸಲ ಓದಿ ಬಸ್ ಹತ್ತಿದಳು. ತರೀಕೆರೆಯಲ್ಲಿ ಇಳಿಯುವಷ್ಟರಲ್ಲಿ ಅವನ ಫೋನ್.

“ಈಗಾದ್ರೂ ಹೆಸ್ರು ಕೊಡ್ತೀರಾ ಮೇಡಂ?”

“ಹದಿನೈದೂ ಸರಿಯಾಗಿ ಬಂತು ಕಣ್ರೀ. ಚೆನ್ನಾಗಿ ಬರ್ದಿದೀರಿ.”

“ಹಂಗಾದ್ರೆ ಹಾಕ್ಲಾ?”

“ಮುಟ್ಬೇಡಿ. ವಾಪಸ್ ಹೋಗೋದು ಬಾಕಿ ಐತೆ,” ಎಂದು ಅವಳು ಅಜ್ಜಂಪುರದ ಬಸ್ಸಿನ ಹಿಂಬಾಗಿಲಿನತ್ತ ನಡೆದಳು.