ಬಾಂಬರಣ್ಣನ ಕೆಂಪು ಚೀಟಿ

ಇದನ್ನು ಬರೆಯಲು ಕೂತಾಗಲೆಲ್ಲ ನನಗೆ ಬೇರೆ ಯಾವುದೋ ಕೆಲಸ ನೆನಪಾಗುತ್ತದೆ. ಹೀಗೇ ಅರವತ್ತು ವರ್ಷ ಕಳೆದೆ. ಮೊನ್ನೆ ಬಾಗಿಲ ಚಿಲಕಕ್ಕೆ ಸ್ಕ್ರೂ ಹುಡುಕುತ್ತ ಹಳೆಯ ತಗಡಿನ ಡಬ್ಬಿ ಸುರುವಿದೆ. ಗ್ರೀಸಿನ ವಾಸನೆಯ ಜೊತೆ ದಾರ ಕಟ್ಟಿದ ಕೆಂಪು ಚೀಟಿಯೊಂದು ಬಿತ್ತು.

"ಇದೆಂತದು, ಬಿಸಾಡ್ಲಾ?" ಎಂದಳು ಸೊಸೆ. ಬೇಡವೆಂದು ಕಿಸೆಗೆ ಹಾಕಿಕೊಂಡೆ.

ಮೆಟ್ರಿಕ್ ಮುಗಿಸಿ ನಾನು ಹೊನ್ನಾವರದಲ್ಲಿ, ಶರಾವತಿ ದಾಟಿಸುವ ಲಾಂಚಿನ ಒಡೆಯರೊಬ್ಬರ ವರ್ಕ್‌ಶಾಪಿನ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಅಲ್ಲಿಯ ಮೆಕ್ಯಾನಿಕ್ ಪಕ್ಕದ ಕರ್ಕಿ ಊರಿನವರು, ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದವರು. ಊರು ಅವರನ್ನು ಬಾಂಬರಣ್ಣ ಎನ್ನುತ್ತಿತ್ತು. ಬೋಲ್ಟು ಬಿಗಿಯುವಾಗಲೂ ಚಾ ಕುಡಿಯುವಾಗಲೂ ಅವರದು ಒಂದೇ ಕತೆ: ಲಿಬರೇಟರ್. ಮಹಾಯುದ್ಧ ಮುಗಿದಾಗ ಪರದೇಶದವರು, ಮತ್ತೆ ಹಾರಬಾರದೆಂದು ಜಜ್ಜಿ, ಕಾನಪುರದಲ್ಲಿ ಬಿಟ್ಟುಹೋದ ಬಾಂಬರುಗಳು. ನಮ್ಮವರು ಅವನ್ನೇ ಹೇಗೋ ಹಾರಿಸಿ ಬೆಂಗಳೂರಿಗೆ ತಂದು ದುರಸ್ತಿ ಮಾಡಿದರು. ಹೊಸ ಬಿಡಿಭಾಗ ಎಲ್ಲಿಯೂ ಸಿಗದು.

"ನಾಲ್ಕು ಸತ್ತಿದ್ರಿಂದ ಒಂದು ಎಬ್ಸೂದು, ತಮಾ. ಈಗ್ಲೂ ಹಾರ್ತದೆ!"

ಎಷ್ಟು ಸಲ ಕೇಳಿದ್ದೆನೆಂದರೆ, ಆ ವಿಮಾನವನ್ನು ನಾನೇ ಬಿಚ್ಚಿ ಕೂಡಿಸಬಹುದಿತ್ತು.

ಕತೆ ಹೋಗಲಿ, ಚೀಟಿಗಳದ್ದು ದೊಡ್ಡ ಪೀಡೆ. ಲಾಂಚಿನಿಂದ ಬಿಚ್ಚಿದ ಪ್ರತಿ ತುಂಡಿಗೂ ಚೀಟಿ; ಒಳ್ಳೆಯದಕ್ಕೆ ಬಿಳಿ, ಕೆಟ್ಟದ್ದಕ್ಕೆ ಕೆಂಪು. ಮೇಲೆ ತುಂಡಿನ ಹೆಸರು, ಕೆಳಗೆ ಎಲ್ಲಿಂದ ಬಿಚ್ಚಿದ್ದು, ಎಂತ ದೋಷ, ಯಾರು ಬಿಚ್ಚಿದ್ದು.

"ಕೆಟ್ಟದ್ದನ್ನ ಎಸೀರಿ ಮಾರಾಯ್ರೆ!"

"ಅದ್ರ ಬೋಲ್ಟು ಒಳ್ಳೇದದೆ."

"ಇದೆಂತ ಬಾಂಬರಾ?"

"ಸ್ಟೋರಿನವ ಕೊಟ್ಟಿದ್ದನ್ನ ಕಣ್ಮುಚ್ಚಿ ಹಾಕೂಕಾಗ್ಬೇಕು, ತಮಾ. ಇಲ್ದಿರೆ ವಿಮಾನ ಏಳೂದಿಲ್ಲ."

ಅವರು ಮದುವೆಗೆಂದು ಕುಮಟೆಗೆ ಹೋದಾಗ, ಒಡೆಯರು ಸ್ಟೋರ್ ನೋಡಲು ಬರುವರೆಂದು ತಿಳಿಯಿತು. ಅಚ್ಚುಕಟ್ಟಾಗಿ ಕಾಣಲೆಂದು ನಾನು ಚೀಟಿಗಳನ್ನೆಲ್ಲ ಕಿತ್ತು ಕಸದ ಬುಟ್ಟಿಗೆ ಹಾಕಿ, ಸಾಮಾನನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಅಳತೆಯ ಪ್ರಕಾರ ಜೋಡಿಸಿಟ್ಟೆ. ಒಡೆಯರು ಭೇಷ್ ಎಂದರು.

ಬಾಂಬರಣ್ಣ ಮರಳಿದ ಬೆಳಿಗ್ಗೆಯೇ ಲಾಂಚಿನ ಕಪ್ಲಿಂಗು, ಎಂದರೆ ಇಂಜಿನ್ನಿಗೂ ಪ್ರೊಪೆಲ್ಲರಿಗೂ ನಡುವಿನ ಕಬ್ಬಿಣದ ಜೋಡಣೆ, ಮುರಿದಿತ್ತು. ಭಟ್ಕಳಕ್ಕೆ ಹೋಗುವವರು ದಡದಲ್ಲಿ ಕೂಗಾಡುತ್ತಿದ್ದರು. ನಾನು ಹೊಳೆಯುವ ಒಂದನ್ನು ತಂದುಕೊಟ್ಟೆ.

"ಚೀಟಿ ಎಲ್ಲಿ?"

"ಈಗಷ್ಟೇ ತೆಗ್ದೆ. ಬಿಳೀದೇ. ಹಾಕಿ ಒಮ್ಮೆ!"

ಹಾಕಿದರು.

ನಡುಹೊಳೆಯಲ್ಲಿ ಆ ಕಪ್ಲಿಂಗು ಎರಡಾಯಿತು. ಇಳಿತದ ನೀರು ಲಾಂಚನ್ನು ಹೊಳೆ ಕಡಲು ಸೇರುವ ಅಳಿವೆಯತ್ತ ಎಳೆಯಿತು. ಮೀನುದೋಣಿಯವರು ಹಗ್ಗ ಎಸೆಯದಿದ್ದರೆ ಅಷ್ಟೂ ಜನ ಸಮುದ್ರದ ಪಾಲಾಗುತ್ತಿದ್ದರು.

"ಬಾಂಬರ್ ರಿಪೇರಿ ಮಾಡ್ದವನಂತೆ! ಯಾರು ಹಾಕಿದ್ದು ಇದನ್ನ?" ಒಡೆಯರು ಅಬ್ಬರಿಸಿದರು.

ಬಾಂಬರಣ್ಣ ನನ್ನತ್ತ ನೋಡಿದರು. ನಾನು ಬಾಯಿ ಬಿಡುವೆನೆಂದು ಕಾದರು. ನಾನು ನೆಲ ನೋಡಿದೆ.

"ಹಾಕಿದ್ದು ನಾನೇ, ಒಡೇರೆ," ಎಂದರು ಬಾಂಬರಣ್ಣ.

ಅಂದೇ ಅವರ ಕೆಲಸ ಹೋಯಿತು. ಆಮೇಲೆ ಯಾರೂ ಅವರ ಕೈಗೆ ಇಂಜಿನ್ ಕೊಡಲಿಲ್ಲ. ಕರ್ಕಿಯಲ್ಲಿ ಸೈಕಲ್ಲಿಗೆ ಪಂಕ್ಚರ್ ಹಾಕುತ್ತ ಮುದುಕರಾದರು. ನಾನು ಆ ದಾರಿ ಬಿಟ್ಟು ಸುತ್ತಿ ಹೋಗುತ್ತಿದ್ದೆ. ಅವರು ತೀರಿಕೊಂಡ ದಿನವೂ ಸುತ್ತಿಯೇ ಹೋದೆ.

ಕೆಲಸ ಹೋದ ಆ ಸಂಜೆ ಕಸದ ಬುಟ್ಟಿ ಕೆದಕಿ ಕೆಂಪು ಚೀಟಿ ಹುಡುಕಿದ್ದೆ: "ಕಪ್ಲಿಂಗು. ಕೂದಲೆಳೆ ಬಿರುಕು." ಯಾರಿಗೂ ತೋರಿಸಲಿಲ್ಲ. ಸುಡುವ ಧೈರ್ಯವೂ ಬರಲಿಲ್ಲ.

ಇವತ್ತು ಅದರ ಹಿಂಬದಿಯಲ್ಲಿ ಅವರ ಕ್ರಮದಲ್ಲೇ ಬರೆದೆ. ಎಲ್ಲಿಂದ ಬಿಚ್ಚಿದ್ದು: ಹೊನ್ನಾವರದ ಲಾಂಚಿನ ಕೆಲಸದಿಂದ. ಎಂತ ದೋಷ: ಏನೂ ಇಲ್ಲ. ಯಾರು ಬಿಚ್ಚಿದ್ದು: ನನ್ನ ಸಹಿ. ತುಂಡಿನ ಹೆಸರಿನ ಜಾಗ ಉಳಿದಿತ್ತು. ಅಲ್ಲಿ ಬಾಂಬರಣ್ಣ ಎಂದರೆ ಸಾಲದೆನಿಸಿತು. ಬರೆದೆ: ಕರ್ಕಿಯ ಹೊನ್ನಪ್ಪ ನಾಯ್ಕ.