ಇಲ್ಲದ ಮಾವಶಿ

ಚಿಕ್ಕೋಡಿಯಲ್ಲಿ ಕಾಲೇಜು ಓದುವ ಮಗಳ ಮೊಬೈಲಿನಲ್ಲಿ 'ಸದಲಗಾ ಮಾವಶಿ' ಎಂಬ ಹೆಸರು ಕಂಡೆ. ತಾಯಿಯ ಅಕ್ಕತಂಗಿಯರಿಗೆ ನಾವು ಮಾವಶಿ ಅನ್ನುತ್ತೇವೆ. ನನಗೆ ಅಕ್ಕತಂಗಿಯರೂ ಇಲ್ಲ, ಸದಲಗಾದಲ್ಲಿ ಬಳಗವೂ ಇಲ್ಲ. ಯಾವನೋ ಹುಡುಗನ ನಂಬರೇ ಇರಬೇಕೆಂದು, ಮಗಳು ಸ್ನಾನಕ್ಕೆ ಹೋದಾಗ ಅವಳ ಫೋನಿನಿಂದಲೇ ಕರೆ ಮಾಡಿ, ಬಾಯಿ ಬಿಡದೆ ನಿಂತೆ.

ಬಂದದ್ದು ಹೆಂಗಸಿನ ದನಿ. "ಕಾಲೇಜಿನ ಸಹಾಯವಾಣಿ. ಇವತ್ತೂ ಮಾತಾಡಾಕ ಆಗವಲ್ದೇನ ತಂಗಿ? ಇರ್ಲಿ. ಹೇಳಬೇಕನಿಸಿದಾಗ ಹೇಳು, ನಾ ಕೇಳ್ತೀನಿ."

ಲೈಂಗಿಕ ಕಿರುಕುಳಕ್ಕೆ ಒಳಗಾದ ಹುಡುಗಿಯರಿಗೆಂದು ಅವಳ ಕಾಲೇಜು ನಡೆಸುವ ಸಹಾಯವಾಣಿ ಅದು.

ಫೋನನ್ನು ಇದ್ದಲ್ಲೇ ಇಟ್ಟೆ. ಮಗಳು ಇನ್ನೂ ನನಗೆ ಏನೂ ಹೇಳಿಲ್ಲ. ತಪ್ಪು ಹುಡುಕುವ ತಾಯಿ ಮನೆಯಲ್ಲಿದ್ದುದಕ್ಕೇ ಅವಳಿಗೊಬ್ಬ ಮಾವಶಿ ಬೇಕಾದಳು.